ಶ್ರಾವಣ ಶನಿವಾರದ ಮೊಟ್ಟೆ

೩-೮-೧೯೬೩, ಶನಿವಾರ, ಹೊಳೆನರಸೀಪುರ.

ಸಣ್ಣ ಸೊಸೆ ಪುಟ್ಟತಾಯಿ ಸಾಕಿರುವ ಮುರುಗೋಡು ಎಂಬ ಜಾತಿಯ ಮೀನು ಗಾಜಿನ ತೊಟ್ಟಿಯಲ್ಲಿ ಮರಿ ಮಾಡಿದೆ. ಮರಿಗಳು ಹುಟ್ಟುವಾಗ ಹೊಟ್ಟೆಯಲ್ಲಿ ತಂದ ಆಹಾರ ಮುಗಿಯಿತಂತೆ. ಇವತ್ತೇ ಬೇಯಿಸಿದ ಮೊಟ್ಟೆಯ ಹಳದಿ ಹಾಕದಿದ್ದರೆ ಮರಿಗಳು ಸಾಯುತ್ತವಂತೆ. ಶ್ರಾವಣ ಶನಿವಾರ ಈ ಮನೆಯಲ್ಲಿ ಮೊಟ್ಟೆ ಬೇಯಿಸಿದ್ದಿಲ್ಲ. ಆಗದು ಎಂದೆ.

"ಅವೂ ಒಪ್ಪೊತ್ತು ಇರ್ಬೇಕಾ ಅತ್ತೆ?" ಎಂದಳು.

"ನಾಲ್ಗೆ ಉದ್ದ ಆಯ್ತು ಕಣೇ ನಿಂದು."

ಮಧ್ಯಾಹ್ನ ನಾನೇ ಹೋಗಿ ನೋಡಿದೆ. ಮರಿಗಳು ಬರಿಯ ಗಾಜನ್ನು ಮೂತಿಯಿಂದ ತಡಕುತ್ತಿದ್ದವು. ಕೆಲವು ಅಲುಗುತ್ತಿರಲಿಲ್ಲ.

"ಇತ್ತಿಲಲ್ಲಿ ಕಲ್ಲು ಹೂಡಿ ಬೇಯಿಸ್ಕಂಬಾ, ಓಗು. ಅಡುಗೆ ಮನೆ ಮುಟ್ಬ್ಯಾಡ" ಎಂದೆ.

ಅವಳು ಹಳದಿಯನ್ನು ಬಟ್ಟೆಯಲ್ಲಿ ಹಿಂಡಿ ಹಾಕಿದಳು. ತುಸು ಹೊತ್ತಿಗೆ ಪುಟ್ಟ ಹೊಟ್ಟೆಗಳು ಹಳದಿಯಾಗಿ ಕಂಡವು.

ಸಂಜೆ ದೇವರ ಪಟದ ಮುಂದೆ ತಪ್ಪಾಯಿತು ಎನ್ನಲು ನಿಂತೆ. ಅನ್ನಬೇಕೆನಿಸಲಿಲ್ಲ. ದೀಪ ಹಚ್ಚಿ ಬಂದೆ.