ಹನ್ನೊಂದು ಮತ್ತಿ ಗಿಡ

ಅನಗೋಳ, ಬೆಳಗಾವಿ
೧೫ ಜೂನ್ ೨೦೨೫, ಆದಿತ್ಯವಾರ

ನನ್ನ ಹಟಮಾರಿ ಅಪ್ಪನಿಗೆ ಅನುರಾಧಾಳ ನಮಸ್ಕಾರ.

ಫೋನು ಹಚ್ಚಿದರೆ ನೀನು 'ಊಟಾತೇನವ್ವಾ, ಅಲ್ಲಿ ಮಳಿ ಐತೇನ' ಎಂದು ಕೇಳಿ, ನಾನು ಬಾಯಿ ತೆರೆಯುವಷ್ಟರಲ್ಲಿ ಅವ್ವನ ಕೈಗೆ ಕೊಟ್ಟುಬಿಡುತ್ತೀ. ಕಾಗದವನ್ನು ಹಾಗೆ ದಾಟಿಸಲಿಕ್ಕೆ ಬರುವುದಿಲ್ಲ. ನಾಲ್ಕನೇ ಇಯತ್ತೆಯವರೆಗೆ ಸಾಲಿ ಕಲಿತವನು ನೀನು, ಬೆರಳಿಟ್ಟು ಓದುವವನು. ಅದಕ್ಕೇ ದೊಡ್ಡ ಅಕ್ಷರದಲ್ಲಿ ಬರೆದಿದ್ದೇನೆ. ಅವ್ವನ ಎದುರಿಗೆ ಓದಬೇಡ.

ಅವ್ವ ಎಲ್ಲ ಹೇಳಿದಳು. ಗುರುಪುತ್ರಪ್ಪನವರು ಈ ವರ್ಷ ತಮ್ಮ ಹೊಲದಲ್ಲಿ ನಮ್ಮ ಕುರಿ ನಿಲ್ಲಿಸುವುದು ಬೇಡ ಎಂದರಂತೆ. ಅವರ ಝರಿಯಲ್ಲಿ ನೀರು ಕುಡಿಸುವುದೂ ಬೇಡವಂತೆ. ಗಿಡ ಗುರುತಿಸಲು ಖಾನಾಪುರದಿಂದ ಲೋಂಡಾದವರೆಗೆ 'ಮಾಯಪ್ಪನ್ನ ಕರೀರಿ' ಎನ್ನುತ್ತಿದ್ದವರು ಈಗ ನಿನ್ನ ಹೆಸರೇ ಎತ್ತುವುದಿಲ್ಲವಂತೆ. ನೀನೋ, ಕಟ್ಟೆಯ ಮೇಲೆ ಕುಳಿತು ಬಂದವರಿಗೆಲ್ಲ 'ಕಣ್ಣ ಮಂಜ ಆಗ್ಯಾವ' ಎನ್ನುತ್ತೀಯಂತೆ. ಅಯ್ಯ, ಸುಳ್ಳಬುರುಕಾ! ಗುಡ್ಡದ ತುದಿಯಲ್ಲಿ ಯಾವ ಕುರಿ ಕುಂಟುತ್ತಿದೆ ಎಂದು ಕೆಳಗೆ ನಿಂತು ಹೇಳುವ ಕಣ್ಣು ನಿನ್ನವು.

ಚೈತ್ರದ ಆ ದಿನ ನನ್ನನ್ನು ಬಿಡುತ್ತಿಲ್ಲ. ಗುರುಪುತ್ರಪ್ಪನವರು ತಮ್ಮ ಗುಡ್ಡದ ಕಿಂದಳ ಗಿಡಗಳನ್ನು ಮಚ್ಛೆಯ ಕಟ್ಟಿಗೆ ವ್ಯಾಪಾರಿ ನಾಗಲಿಂಗನಿಗೆ ಮಾರಿದ್ದರು. ಝರಿಯ ದಂಡೆಯ ಮತ್ತಿಗೆ ಮಾತ್ರ ಕೊಡಲಿ ತಾಗಬಾರದು, ಅವು ಹೋದರೆ ನೀರು ಹೋದಂತೆ ಎಂದು ಕೈಮುಗಿದು ಹೇಳಿದ್ದರು. ಗುರುತಿಸಬೇಕಾದವಳು ನಾನು, ಸಸ್ಯಶಾಸ್ತ್ರ ಓದಿದವಳು, ನಾಗಲಿಂಗನ ಕೆಲಸದವಳು. ಕಡಿಯಬೇಕಾದ ಗಿಡಕ್ಕೆ ಹಚ್ಚುವ ಕೆಂಪು ಬಣ್ಣದ ಡಬ್ಬಿ ಹಿಡಿದು ನನ್ನ ಹಿಂದೆ ಬಂದವನು ನೀನು. ಎಲೆ ಉದುರಿದ ಕಾಲ. ಬಲಿತ ಮತ್ತಿಯಾದರೆ ಮೊಸಳೆ ಬೆನ್ನಿನಂಥ ತೊಗಟೆಯ ಮೇಲೆ ಕೈಯಾಡಿಸಿ ಕುರುಡನೂ ಹೇಳಿಯಾನು. ಎಳೆಯವು ಹಾಗಲ್ಲ, ಕಿಂದಳದಂತೆಯೇ ಬೂದುಬಣ್ಣದಲ್ಲಿ ನೆಟ್ಟಗೆ ನಿಂತಿದ್ದವು. ಬುಡದಲ್ಲಿ ಬಿದ್ದ ಕಾಯಿ ಆರಿಸಿ ನೋಡಿದೆ. ಮತ್ತಿಯದಕ್ಕಾದರೆ ಐದು ಅಗಲ ರೆಕ್ಕೆ ಇರಬೇಕು, ಇದಕ್ಕೆ ದೊಡ್ಡ ರೆಕ್ಕೆ ಒಂದೇ. ಕಿಂದಳ ಎಂದುಬಿಟ್ಟೆ. ಮೇಲಿನ ಇಳಿಜಾರಿನ ಕಿಂದಳದಿಂದ ಗಾಳಿಗೆ ಹಾರಿ ಬಂದ ಕಾಯಿಗಳು ಅವು ಎಂದು ಈ ಪದವೀಧರೆಗೆ ಹೊಳೆಯಲೇ ಇಲ್ಲ.

ನೀನು ಹೇಳಿದೆ, ಅಪ್ಪಾ. 'ತಡಿ ಅನು, ಇವು ಮತ್ತಿ ಅದಾವ. ತೊಗಟಿ ಸುಟ್ಟು ನೋಡೂಣು' ಎಂದೆ. ಎಲೆಯಡಿಕೆಗೆ ಸುಣ್ಣದ ಬದಲು ಮತ್ತಿ ತೊಗಟೆಯ ಬೂದಿ ಹಚ್ಚುವವನು ನೀನು. ನಾಲಿಗೆಗೆ ಚುರ್ ಎಂದರೆ ಮತ್ತಿ, ಇಲ್ಲವಾದರೆ ಕಿಂದಳ, ಅಷ್ಟೇ ನಿನ್ನ ಶಾಸ್ತ್ರ. ಬಾಜೂಕ್ಕೆ ನಿಂತ ನಾಗಲಿಂಗ ನಕ್ಕ. ನನಗೆ ನಾಚಿಕೆಯಾಯಿತು. 'ಸುಮ್ನ ಬಣ್ಣಾ ಹಚ್ಚಪಾ, ಸಾಲಿ ಕಲತಾಕಿ ನಾನೋ ನೀನೋ' ಎಂದೆ. ನೀನು ಹನ್ನೊಂದು ಗಿಡಕ್ಕೆ ಬಣ್ಣ ಹಚ್ಚಿದೆ.

ಅವನ್ನು ಕಡಿದು ಮಚ್ಛೆಗೆ ಒಯ್ದು ಸೀಳಿದಾಗ ಒಳಗೆ ಮತ್ತಿಯ ಕಪ್ಪು ತಿರುಳು ಕಂಡಿತು. ಊರಿನವರು ಕಂಡಿದ್ದು ನಿನ್ನ ಕೈಯ ಬಣ್ಣವನ್ನಷ್ಟೇ. ನೀನಾದರೂ ಬಾಯಿ ಬಿಡಬೇಕೋ ಬೇಡವೋ? ಅದು ಬಿಟ್ಟು ಬೀರಪ್ಪನ ಗುಡಿಗೆ ಹೋಗಿ, ದೇವರ ಅರಿಶಿನದ ಭಂಡಾರ ಅಂಗೈಯಲ್ಲಿ ಹಿಡಿದು, ತಪ್ಪು ನನ್ನದೇ ಎಂದು ಎಲ್ಲರೆದುರು ಆಣೆ ಮಾಡಿಬಂದೆ. ಈಗ ನಾನು ನಿಜ ಹೇಳಿದರೆ ನೀನು ಭಂಡಾರ ಹಿಡಿದು ಸುಳ್ಳಾಡಿದವನಾಗುತ್ತೀ. ನಮ್ಮ ಮಂದಿ ನಿನ್ನ ಮಗ್ಗುಲಲ್ಲಿ ಊಟಕ್ಕೂ ಕೂಡುವುದಿಲ್ಲ. ಹೇಳದಿದ್ದರೆ ಕುರಿಗೆ ನೀರಿಲ್ಲ, ನಿನಗೆ ಮರ್ಯಾದೆಯಿಲ್ಲ. ಎತ್ತ ತಿರುಗಿದರೂ ಗೋಡೆ. ನಾಗಲಿಂಗ ನನ್ನನ್ನು ಕಾಯಂ ಮಾಡಿದ, ಕಿಟಕಿ ಪಕ್ಕದ ಮೇಜು ಕೊಟ್ಟ. ಕಿಟಕಿಯಾಚೆ ದಿಮ್ಮಿಗಳ ರಾಶಿ.

ಹೋದ ವಾರ ನಿಮಗೆ ತಿಳಿಸದೆ ಆ ಗುಡ್ಡಕ್ಕೆ ಹೋಗಿದ್ದೆ. ಕಡಿದು ಉಳಿದ ಹನ್ನೊಂದು ಬೊಡ್ಡೆಗಳಿಂದಲೂ ತೊಗಟೆ ಕಿತ್ತು ತಂದು, ರೂಮಿನ ಗ್ಯಾಸಿನ ಮೇಲೆ ಸುಟ್ಟು, ಒಂದೊಂದೇ ನಾಲಿಗೆಗೆ ಹಚ್ಚಿದೆ. ಒಂದಾದರೂ ಕಿಂದಳವಾಗಿರಲಿ ದೇವರೇ ಎಂದೆ. ಹನ್ನೊಂದೂ ಚುರ್ ಎಂದವು. ಇವತ್ತಿಗೂ ಸಾರು ತಾಗಿದರೆ ಬಾಯಿ ಉರಿಯುತ್ತದೆ. ಬೊಡ್ಡೆಗಳಲ್ಲಿ ಚಿಗುರು ಒಡೆದಿದೆ. ಕುರಿ ಬಾಯಿ ಹಾಕದಿದ್ದರೆ ಎದ್ದಾವು.

ಬರುವ ಆದಿತ್ಯವಾರ ಊರಿಗೆ ಬರುತ್ತೇನೆ. ಆಣೆ ಬಿಡಿಸುವ ದಾರಿ ಏನೆಂದು ಪೂಜಾರಿಯನ್ನು ಕೇಳಿಡು. ಬಾಗಿಲು ಹಾಕಿದವನು ನೀನು, ನೀನೇ ತೆಗೆಯಬೇಕು. ನೀನು ಭಂಡಾರ ಮುಟ್ಟಿರದಿದ್ದರೆ ಇಷ್ಟು ಹೊತ್ತಿಗೆ ಗುರುಪುತ್ರಪ್ಪನವರೆದುರು ನಿಂತು ಎಲ್ಲ ಹೇಳಿಬಿಡುತ್ತಿದ್ದೆ.

ಅವ್ವನಿಗೆ ಮೊಣಕಾಲಿನ ಎಣ್ಣೆ ತರುತ್ತೇನೆಂದು ಹೇಳು.

ನಿನ್ನ ಮಗಳು,
ಅನುರಾಧಾ

ತಾ.ಕ.: ಅಂಟಿಸಿದ ಲಕೋಟೆಯನ್ನು ಮತ್ತೆ ಹರಿದೆ. ಎಲ್ಲ ಹೇಳಿಬಿಡುತ್ತಿದ್ದೆ ಎಂದು ಬರೆದಿದ್ದು ಸುಳ್ಳು. ನೀನು ಗುಡಿಗೆ ಹೋದ ಹಿಂದಿನ ದಿನ ಗುರುಪುತ್ರಪ್ಪನವರು ನನಗೆ ಫೋನು ಮಾಡಿ, ಗಿಡ ಗುರುತಿಸಿದವರು ಯಾರು ಎಂದು ನೇರವಾಗಿ ಕೇಳಿದ್ದರು. 'ನಮ್ಮಪ್ಪ ರೀ. ಅವರ ಕಣ್ಣ ಮಂಜ ಆಗ್ಯಾವ' ಎಂದೆ. ಆ ಮಾತನ್ನು ಮೊದಲು ಆಡಿದವಳು ನಾನು. ಅದು ನಿನ್ನ ಕಿವಿಗೂ ಬಿದ್ದಿದೆ ಎಂಬುದು, ನೀನು ಕಟ್ಟೆಯ ಮೇಲೆ ಕುಳಿತು ಅದನ್ನೇ ಹೇಳುತ್ತೀ ಎಂದು ಅವ್ವ ಹೇಳಿದಾಗ ಗೊತ್ತಾಯಿತು.