ಅಂದೋಲಾದಲ್ಲಿ ನಿನ್ನ ವಾಲ್ಟ್ಸ್

ವಿದ್ಯಾ,

ಈ ಪತ್ರವನ್ನು ಅಂಚೆಗೆ ಹಾಕುವುದಿಲ್ಲ. ನಿನ್ನೆ ಸಂಜೆ ಅಂದೋಲಾ ಊರಿನ ಮಠದ ಅಮಾವಾಸ್ಯೆ ಭಜನೆಯಲ್ಲಿ ಕೀಬೋರ್ಡ್ ಬಾರಿಸಿದೆ. ಮೊದಲು, ಎರಡು ವರ್ಷ ಬೆರಳು ಸವೆಸಿ ಕಲಿತ ಕಷ್ಟದ ಪಿಯಾನೋ ವಾಲ್ಟ್ಸ್. ನಡುವೆ ಒಂದು ಕ್ಷಣ ನಿಲ್ಲಿಸಿದ್ದಕ್ಕೇ ಮುಗಿಯಿತೆಂದು ಚಪ್ಪಾಳೆ ತಟ್ಟಿದರು. ಆಮೇಲೆ ನಿನ್ನ ಸುಲಭದ ವಾಲ್ಟ್ಸ್ ಶುರುಮಾಡಿದೆ. ಅದರ ಒಂದು-ಎರಡು-ಮೂರು ಎಣಿಕೆ ಕೇಳಿದ್ದೇ ತಬಲಾದ ಮಲ್ಕಪ್ಪ, "ಇದು ನಮ್ಮ ದಾದ್ರಾ ತಾಳಾನೇ ಐತಲ್ರಿ!" ಎಂದು ಜೊತೆಗೂಡಿದ. ಸಭೆಯೆಲ್ಲ ತಲೆದೂಗಿತು. ಮೂರು ಸಲ ಬಾರಿಸಿದೆ.

ಕಲಬುರಗಿಯ ಸ್ಪರ್ಧೆಗೆ ನೀನು ಅದನ್ನೇ ಆರಿಸಿಕೊಂಡಾಗ, "ಇದು ಸಣ್ಣ ಹುಡುಗರ ಪಾಠ ಬೇ" ಎಂದು ನಮ್ಮ ಪಿಯಾನೋ ಕ್ಲಾಸಿನಲ್ಲಿ ಎಲ್ಲರೆದುರು ನಕ್ಕವಳು ನಾನು. ನೀನು ಪಿಯಾನೋದ ಮುಚ್ಚಳ ಹಾಕಿ ಎದ್ದುಹೋದೆ.

ಕೊನೆಗೆ ಹೀರಾಬಾಯಿ ಎಂಬ ಅಜ್ಜಿ ಹತ್ತಿರ ಬಂದು, "ಯಾರ್ ಕಲಿಸ್ಯಾರವ್ವಾ?" ಎಂದು ಕೇಳಿದಳು. ನೀನು ಬಾರಿಸುವುದನ್ನು ಕೇಳಿ ಕೇಳಿಯೇ ಕಲಿತದ್ದಲ್ಲವೇ, ನಿನ್ನ ಹೆಸರು ಹೇಳಿದೆ.

"ಮುಂದಿನ ಅಮಾಸಿಗೆ ಆಕಿನ್ನೂ ಕರ್ಕೊಂಡ್ ಬಾ."

ಹೂಂ ಅಂದುಬಿಟ್ಟೆ. ಅದಕ್ಕೇ ಈ ಪತ್ರವನ್ನು ನಾನೇ ತಂದು ನಿನ್ನ ಕೈಗೆ ಕೊಡುತ್ತೇನೆ.

ಮಹಾನಂದಾ