ಅಪ್ಪನ ಪಾಲು

ಅಣ್ಣನಿಗೆ,

ನಿನ್ನೆ ನೀನು ಅಪ್ಪನ ಶವಪೆಟ್ಟಿಗೆಯ ಪಕ್ಕ ನಿಂತು, "ಅಪ್ಪನ ವಿಶ್ವಾಸವೇ ನಮಗೆ ಬಂದ ಆಸ್ತಿ" ಎಂದು ಭಾಷಣ ಬಿಗಿದೆ. ಸಭೆಯೆಲ್ಲ ಕಣ್ಣೊರೆಸಿಕೊಂಡಿತು. ಅದಕ್ಕೆ ಸ್ವಲ್ಪ ಮುಂಚೆ, ಹಿಂದೊಮ್ಮೆ ನಮ್ಮ ತಮ್ಮನ ಮೇಲೆ ಲಾರಿ ಹತ್ತಿಸಿ ಕೊಂದಿದ್ದ ಡ್ರೈವರನ ಕತ್ತಿನಪಟ್ಟಿ ಹಿಡಿದು, "ಕೊಲೆಗಾರ, ಇಲ್ಲಿ ಕಾಲಿಡಬೇಡ" ಎಂದು ಹೊರಗೆ ದಬ್ಬಿದವನೂ ನೀನೇ.

ಅವನು ಜೈಲಿನಿಂದ ಬಂದ ದಿನ ಅಪ್ಪ ಅವನನ್ನು ಮನೆಗೆ ಕರೆದು ಊಟಕ್ಕೆ ಕೂರಿಸಿದರು. ಅಮ್ಮ ಸಿಟ್ಟಿನಿಂದ ಎದ್ದು ಹೋದಾಗ ಅಪ್ಪ ಏನಂದರು, ಮರೆತೆಯಾ? "ನಂಗೂ ಹೊಟ್ಟೆ ಉರೀತಿದೆ ಕಣೇ. ಆದ್ರೆ ನಮ್ಮಮ್ಮ ಮನೆಗೆ ಬೆಂಕಿ ಇಟ್ಟೋರಿಗೋಸ್ಕರನೂ ಪ್ರಾರ್ಥನೆ ಮಾಡಿದೋಳು. ಅವಳು ನಂಗೆ ಬಿಟ್ಟು ಹೋಗಿರೋದು ಅದೊಂದೇ."

ಆ ಆಸ್ತಿ ನಿನಗೆ ಬೇಡವಾದರೆ ಬೇಡ ಎನ್ನು. ಜನರೆದುರು ಮಾತ್ರ ನನ್ನದು ಎಂದು ಮೆರೆಯಬೇಡ.

ಇವತ್ತು ಆ ಡ್ರೈವರನನ್ನು ಭಾನುವಾರಕ್ಕೆ ಕರೆಯಲು ಅವನ ಮನೆಗೆ ಹೋಗಿದ್ದೆ. "ಬೇಡ ಅಕ್ಕಾ, ನಿಮ್ಮಣ್ಣ ಹೇಳಿದ್ದೇ ಸರಿ" ಎಂದ. ಬೈದು ಒಪ್ಪಿಸಿದ್ದೇನೆ. ಭಾನುವಾರ ಅಪ್ಪನ ಸ್ಮರಣೆಯ ಆರಾಧನೆಯಲ್ಲಿ ಅವನು ನನ್ನ ಪಕ್ಕ ಕೂರುತ್ತಾನೆ. ನೀನು ಬಂದು ಅವನ ಆಚೆ ಪಕ್ಕ ಕೂರು. ಮನಸ್ಸು ಕರಗಲಿ ಎಂದು ಕಾಯಬೇಡ. ನನ್ನದಂತೂ ಇನ್ನೂ ಕರಗಿಲ್ಲ.

ಸಿಟ್ಟಿನಲ್ಲೇ ಇರುವ,
ನಿನ್ನ ತಂಗಿ